ಹೋದ ವರ್ಷದ ಟಯರ್ ಬಾತು, ಈ ವರ್ಷದ ರಿಪೇರಿ

ಹೋದ ಕ್ರಿಸ್ಮಸ್‌ಗೆ ಬಾತುಕೋಳಿ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೆಂಡತಿಯ ತವರು ಬೆಳಗಾವಿ ಕ್ಯಾಂಪ್. ಗೋವಾ ಕಡೆಯಿಂದ ಬಂದು ನೆಲೆ ನಿಂತ ಮನೆತನ, ಹಬ್ಬಕ್ಕೆ ಬಾತು ಇರಲೇಬೇಕು. ನಾನು 23ರ ಸಂಜೆ ಪೇಟೆಗೆ ಹೋಗಿ, ಬುಟ್ಟಿಯಲ್ಲಿದ್ದವುಗಳಲ್ಲಿ ದಪ್ಪಗೆ ಕಂಡ ಎರಡನ್ನು ಎತ್ತಿಕೊಂಡು ಬಂದೆ. ಮೂರು ತಾಸು ಬೇಯಿಸಿದೆವು. ಬಾತು ಬೆಂದಿತು ಅನ್ನುವುದಕ್ಕಿಂತ ಗ್ಯಾಸ್ ಮುಗಿಯಿತು ಅನ್ನಬೇಕು. ಅತ್ತೆ ಏನೂ ಹೇಳಲಿಲ್ಲ. ಒಂದು ತುಂಡು ಬಾಯಿಗೆ ಹಾಕಿ ತುಂಬಾ ಹೊತ್ತು ಅಗಿದರು, ಆಮೇಲೆ ಮೆಲ್ಲಗೆ ತಟ್ಟೆಯ ಅಂಚಿಗೆ ಇಟ್ಟರು. ಭಾವಮೈದುನ ಮಾತ್ರ ಬಿಡಲಿಲ್ಲ, "ಯಾವ ಗಾಡಿ ಟಯರ್ ಬಿಚ್ಚಿಕೊಂಡು ಬಂದ್ರಿ?" ಅಂದ.

ನಾನು ಉದ್ಯಮಬಾಗಿನಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡುವವನು. ಒಂದು ಜಾಬ್ ರಿಜೆಕ್ಟ್ ಆದರೆ ಎಲ್ಲಿ ತಪ್ಪಾಯ್ತು ಅಂತ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ನೋಡುವುದು ಅಭ್ಯಾಸವಾಗಿದೆ. ಇದನ್ನೂ ಹಾಗೇ ನೋಡಿದೆ. ಮಸಾಲೆ ಸರಿ ಇತ್ತು, ಉರಿ ಸರಿ ಇತ್ತು. ಕಚ್ಚಾ ಮಾಲೇ ತಪ್ಪು. ಪೇಟೆಗೆ ಬರುವ ಬಾತುಗಳಲ್ಲಿ ಬಹಳಷ್ಟು ಮೊಟ್ಟೆ ಇಟ್ಟು ಮುಗಿಸಿದ ಮುದುಕಿಯರು. ಭತ್ತದ ಗದ್ದೆಗಳಲ್ಲಿ ಹಿಂಡು ಹಿಂಡಾಗಿ ಮೇಯಿಸುತ್ತಾರಲ್ಲ, ಅವು ಎರಡು ವರ್ಷ ಮೊಟ್ಟೆ ಕೊಟ್ಟು, ಇನ್ನು ಮೇವಿನ ಖರ್ಚೂ ಗಿಟ್ಟುವುದಿಲ್ಲ ಅಂದಾಗ ಮಾಂಸಕ್ಕೆ ಬರುತ್ತವೆ. ಸಾರಿಗೆ ನಡೆಯುತ್ತದೆ, ಇಡೀ ಹುರಿಯಲು ಆಗಲ್ಲ. ಮಾರಿದವನು ಸುಳ್ಳು ಹೇಳಿರಲಿಲ್ಲ, ನಾನು ವಯಸ್ಸು ಕೇಳಿರಲೇ ಇಲ್ಲ.

ಈ ಸಲ ಕೇಳಲು ಹೊರಟೆ. ಅದರ ಲಾಗ್ ಇದು.

ನವೆಂಬರ್ 16

ಮೊದಲು ತಾರೀಖಿನ ಲೆಕ್ಕ. ಮಾಂಸಕ್ಕೆ ಸಾಕುವ ಬಿಳಿ ಪೆಕಿನ್ ಜಾತಿಯ ಬಾತು 7ರಿಂದ 8 ವಾರಕ್ಕೆ ತಯಾರು. ಚೆನ್ನಾಗಿ ತಿಂದಿದ್ದರೆ ಎರಡೂಕಾಲು, ಎರಡೂವರೆ ಕಿಲೋ ಬರುತ್ತದೆ. ಆದರೆ ವಾರದ ಲೆಕ್ಕ ಬರೀ ತೂಕಕ್ಕೆ ಅಲ್ಲ, ಗರಿಗೂ ಬೇಕು. ಅದು ನನಗೆ ಗೊತ್ತಿರಲಿಲ್ಲ. ಸುಮಾರು 7 ವಾರಕ್ಕೆ ಮರಿಯ ಮೊದಲ ಗರಿ ಪೂರ್ತಿ ಬಂದಿರುತ್ತದೆ, ಆಗ ಕಿತ್ತರೆ ಸಲೀಸಾಗಿ ಬರುತ್ತದೆ. ಅಲ್ಲಿಂದ ಒಂದೆರಡು ವಾರ ತಪ್ಪಿದರೆ ಹಳೆ ಗರಿ ಉದುರಿ ಹೊಸದು ಮೊಳೆಯಲು ಶುರು. ಚರ್ಮದ ತುಂಬ ಸಣ್ಣ ಸಣ್ಣ ಮೊಳೆ. ಕಿತ್ತರೆ ಬರಲ್ಲ, ಬಿಟ್ಟರೆ ತಿನ್ನಕ್ಕಾಗಲ್ಲ. ಮತ್ತೆ 12-13 ವಾರ ಆಗುವ ತನಕ ಕಾಯಬೇಕು.

ಹಬ್ಬಕ್ಕೆ 22ರಂದು ಕೊಯ್ಯುವುದು ಅಂತಿಟ್ಟುಕೊಂಡರೆ ನವೆಂಬರ್ ಒಂದರ ಆಸುಪಾಸು ಮೊಟ್ಟೆ ಒಡೆದು ಬಂದ ಮರಿ ಬೇಕು. ಅಂದರೆ ನಾನು ಹುಡುಕಬೇಕಾದ ಬಾತು ಆಗಲೇ ಎಲ್ಲೋ ಹುಟ್ಟಿ ಎರಡು ವಾರ ಆಗಿತ್ತು.

ನವೆಂಬರ್ 23

ಎರಡು ಕಡೆ ಹೋಗಿ ಬಂದೆ.

ಒಂದು, ಪೇಟೆ. ಇಲ್ಲಿ ಮರಾಠಿ ಮಾತಾಡುವ ಅಂಗಡಿಯವರಿಗೆ ಬಾತು ಅಂದರೆ ಪಕ್ಕನೆ ಹತ್ತುವುದಿಲ್ಲ, "ಬದಕ" ಅನ್ನಬೇಕು. ಬುಟ್ಟಿಯಲ್ಲಿದ್ದ ಒಂದನ್ನು ಕೈಗೆ ಕೊಟ್ಟ. ಈ ಸಲ ಬೆರಳಿಟ್ಟು ನೋಡಿದೆ. ಕತ್ತಿನ ಮುಂದೆ ಉಸಿರಿನ ಕೊಳವೆ ಸಿಗುತ್ತದಲ್ಲ, ಅದನ್ನು ಹಗುರವಾಗಿ ಮುಟ್ಟಿದರೆ ಎಳೆಯದರಲ್ಲಿ ಮೆತ್ತಗಿರುತ್ತದೆ, ಹಳೆಯದರಲ್ಲಿ ಗಟ್ಟಿ ಪೈಪು. ಎದೆಮೂಳೆಯ ಹಿಂದಿನ ತುದಿಯೂ ಅಷ್ಟೇ, ಎಳೆಯದಾದರೆ ಒತ್ತಿದಾಗ ಸ್ವಲ್ಪ ಬಾಗುತ್ತದೆ. ಇದರಲ್ಲಿ ಎರಡೂ ಪಕ್ಕಾ ಕಬ್ಬಿಣ. ಹೋದ ವರ್ಷದ್ದರ ತಂಗಿಯೇ ಇರಬೇಕು.

ಎರಡನೇದು, ಊರ ಹೊರಗಿನ ಒಂದು ತೋಟ. ಅಲ್ಲಿದ್ದದ್ದು ಮಸ್ಕೋವಿ, ಮುಖದ ಮೇಲೆ ಕೆಂಪು ಗಂಟುಗಂಟು ಇರುತ್ತದಲ್ಲ, ಆ ಜಾತಿ. ಇದು ಕ್ವಾಕ್ ಅನ್ನುವುದಿಲ್ಲ, ಹಾವಿನ ಹಾಗೆ ಬುಸುಗುಡುತ್ತದೆ. ಬೇರೆ ಬಾತಿನ ಮೊಟ್ಟೆ 28 ದಿನಕ್ಕೆ ಮರಿಯಾದರೆ ಇದಕ್ಕೆ 35 ದಿನ ಬೇಕು, ಮೂಲವೇ ಬೇರೆ, ಅಮೆರಿಕ ಖಂಡದ ಕಡೆಯದು. ಗಂಡು ಹೆಣ್ಣಿನ ಹೆಚ್ಚುಕಡಿಮೆ ಎರಡರಷ್ಟು. ಮಾಂಸದಲ್ಲಿ ಕೊಬ್ಬು ಕಡಿಮೆ, ಎದೆ ತುಂಬಿರುತ್ತದೆ. ನನಗಂತೂ ಇಷ್ಟವಾಯಿತು. ವಯಸ್ಸು ಎಷ್ಟು ಅಂದೆ. "ಮಳೆಗಾಲದಾಗ ಇದ್ದವ್ರಿ" ಅಂದರು. ಯಾವ ಮಳೆಗಾಲ ಅಂತ ಕೇಳಿದ್ದಕ್ಕೆ ನಕ್ಕರು. ಬಿಟ್ಟು ಬಂದೆ.

ನವೆಂಬರ್ 30

ಖಾನಾಪುರ ಕಡೆ ಒಬ್ಬ ರೈತರಿದ್ದಾರೆ ಅಂತ ನಮ್ಮ ವರ್ಕ್‌ಶಾಪಿನ ವೆಲ್ಡರ್ ಹೇಳಿದ. ಭತ್ತದ ಗದ್ದೆ, ಪಕ್ಕದಲ್ಲೇ ಹಳ್ಳ. ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಸಂಸ್ಥೆಯಿಂದ ಮರಿ ತರಿಸಿ ಸಾಕುತ್ತಾರೆ. ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "1-11" ಅಂತ ದಪ್ಪಗೆ ಬರೆದಿತ್ತು. ಆ ಬರಹ ನೋಡಿ ನನಗೆ ಅರ್ಧ ಸಮಾಧಾನ ಆಗಿಹೋಯಿತು. ಅದೇ ಮುಂದೆ ನನ್ನ ಕಣ್ಣಿಗೆ ಮಣ್ಣೆರಚಿತು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಾತು ನೋಡುವ ಮೊದಲು ಜಾಗ ನೋಡಿದೆ. ಹುಲ್ಲು ಒಣಗಿತ್ತು. ಕಣ್ಣಿಗೆ ಉರಿ ಹತ್ತುವ ಅಮೋನಿಯಾ ವಾಸನೆ ಇರಲಿಲ್ಲ. ನೀರಿನ ತೊಟ್ಟಿ ಕೊಕ್ಕು ಮತ್ತು ಮೂಗಿನ ತೂತು ಪೂರ್ತಿ ಮುಳುಗುವಷ್ಟು ಆಳವಿತ್ತು. ಇದು ಮುಖ್ಯ. ಬಾತಿಗೆ ಈಜಲು ಕೆರೆಯೇ ಬೇಕು ಅಂತೇನಿಲ್ಲ, ಆದರೆ ತಲೆ ಅದ್ದಿ ಮೂಗು, ಕಣ್ಣು ತೊಳೆದುಕೊಳ್ಳಲು ನೀರು ಬೇಕೇ ಬೇಕು. ಇಲ್ಲದಿದ್ದರೆ ಕಣ್ಣಲ್ಲಿ ನೊರೆ, ಮೂಗಲ್ಲಿ ಮೇವು ಕಟ್ಟಿ ಒಣಗಿರುತ್ತದೆ. ಇಲ್ಲಿನವುಗಳ ಕಣ್ಣು ಗಾಜಿನ ಹಾಗೆ ಹೊಳೆಯುತ್ತಿತ್ತು.

ಆಮೇಲೆ ಮೇವು. ಮೆಕ್ಕೆಜೋಳದ ನುಚ್ಚು, ಭತ್ತದ ತೌಡು, ಸೋಯಾ ಹಿಂಡಿ. ಶೇಂಗಾ ಹಿಂಡಿ ಹಾಕ್ತೀರಾ ಅಂತ ಕೇಳಿದೆ. "ಇಲ್ರಿ, ಒಮ್ಮೆ ಬೂಸ್ಟು ಹಿಡಿದ ಹಿಂಡಿ ಹಾಕಿ ಪೆಟ್ಟು ತಿಂದೀನಿ" ಅಂದರು. ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಅನ್ನೋ ವಿಷ ಕೋಳಿಗಿಂತ ಬಾತಿಗೆ ಬೇಗ ತಾಗುತ್ತದೆ, ಲಿವರ್ ಹಾಳಾಗುತ್ತದೆ. ಅದನ್ನು ತಾವೇ ಹೇಳಿದ್ದಕ್ಕೆ ನನಗೆ ಅವರ ಮೇಲೆ ನಂಬಿಕೆ ಬಂತು. ಮೀನಿನ ಪುಡಿ? ಮೊದಲ ಮೂರು ವಾರ ಮಾತ್ರ. ಅದೂ ಸರಿ. ಕೊನೆಯ ತನಕ ಮೀನಿನ ಪುಡಿ ತಿಂದ ಬಾತಿನ ಕೊಬ್ಬು ಮೀನಿನ ವಾಸನೆಯೇ ಬರುತ್ತದೆ, ಯಾವ ಮಸಾಲೆಗೂ ಅದು ಬಗ್ಗಲ್ಲ.

ಒಂದು ವಾರ ಬಿಟ್ಟು ನಾಲ್ಕು ಒಯ್ಯುತ್ತೇನೆ ಅಂತ ಮುಂಗಡ ಕೊಟ್ಟು ಬಂದೆ. ಕೊನೆಯ ಎರಡು ವಾರ ನಮ್ಮ ಹಿತ್ತಲಲ್ಲೇ ಇಟ್ಟು ತಿನ್ನಿಸಬೇಕು ಅನ್ನೋ ಹುಚ್ಚು. ಹೆಂಡತಿ "ಅವರ ಹತ್ತಿರವೇ ಇರಲಿ, 22ಕ್ಕೆ ಹೋಗಿ ತಂದರಾಯ್ತು ಅಲ್ವಾ?" ಅಂದಳು. ಮಾತು ಸರಿಯೇ ಇತ್ತು. ಆದರೆ ವರ್ಕ್‌ಶಾಪಿನಲ್ಲಿ ತುಂಡು ಆ್ಯಂಗಲ್ ರಾಶಿ ಬಿದ್ದಿತ್ತು, ನನ್ನ ಕೈ ಸುಮ್ನೆ ಇರಬೇಕಲ್ಲ.

ಡಿಸೆಂಬರ್ 3ರಿಂದ 6: ಗೂಡು

ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. 25 ಎಂಎಂ ಆ್ಯಂಗಲ್ ಫ್ರೇಮ್, ಅರ್ಧಕ್ಕೆ ತಗಡಿನ ಮುಚ್ಚಳ, ಸುತ್ತ ಅರ್ಧ ಇಂಚಿನ ವೆಲ್ಡ್ ಮೆಶ್. ಒಂದು ಇಂಚಿನದು ಅಗ್ಗ, ಆದರೆ ಅದರಲ್ಲಿ ಹೆಗ್ಗಣದ ಮರಿ ಆರಾಮಾಗಿ ನುಗ್ಗುತ್ತದೆ. ನಮ್ಮ ಹಿತ್ತಲಿಗೆ ಮುಂಗುಸಿಯೂ ಬರುತ್ತದೆ. ಬಾಗಿಲಿಗೆ ಎರಡು ಚಿಲಕ.

ನೆಲಕ್ಕೂ ಮೆಶ್ ಹಾಕಿದೆ. ಹಿಕ್ಕೆ ಕೆಳಗೆ ಬಿದ್ದುಹೋಗುತ್ತದೆ, ತೊಳೆಯಲು ಸುಲಭ, ಎಷ್ಟು ಚೆನ್ನಾಗಿ ಯೋಚಿಸಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಡಿಸೆಂಬರ್ 7

ಹೋಗಿ ತಂದೆ. ಐದು ವಾರದವು. ಹಿಂಡಿನಲ್ಲಿ ಆರಿಸಲು ಅವರೇ ಬಿಟ್ಟರು. ನಾನು ಮೊದಲು ನಡಿಗೆ ನೋಡಿದೆ. ಎರಡೂ ಕಾಲು ಸಮ ಇಡುತ್ತಿವೆಯಾ, ಓಡಿಸಿದರೆ ಓಡುತ್ತವೆಯಾ. ಆಮೇಲೆ ಒಂದೊಂದನ್ನೇ ಎತ್ತಿದೆ. ರೆಕ್ಕೆ ಮೈಗೆ ಸೇರಿಸಿ ಎರಡೂ ಕೈಯಲ್ಲಿ ಹಿಡಿಯಬೇಕು, ಕೋಳಿಯ ಹಾಗೆ ಕಾಲು ಹಿಡಿದು ನೇತಾಡಿಸಬಾರದು. ಬಾತಿನ ಕಾಲು ಮೈಗೆ ಹೋಲಿಸಿದರೆ ಬಡಕಲು, ತೊಡೆಯ ಸಂದು ಉಳುಕುತ್ತದೆ. ಎದೆಮೂಳೆ ಎರಡೂ ಕಡೆ ಮಾಂಸ ಬೆರಳಿಗೆ ತುಂಬ ಸಿಗಬೇಕು. ಹಿಂಭಾಗ ಒಣಗಿ ಸ್ವಚ್ಛ ಇರಬೇಕು.

ಮೂರು ಸುಲಭವಾಗಿ ಸಿಕ್ಕವು. ನಾಲ್ಕನೇದು ತಾನಾಗಿಯೇ ಎದ್ದು ಕಾಣುತ್ತಿತ್ತು. ಉಳಿದವಕ್ಕಿಂತ ಅರ್ಧ ಕಿಲೋ ಮೇಲೆ ಜಾಸ್ತಿ, ಗರಿ ಪೂರ್ತಿ, ಮತ್ತು ಜೋರು ಬಾಯಿ. ಉಳಿದವು ಇನ್ನೂ ಪೀಂ ಪೀಂ ಅನ್ನುತ್ತಿದ್ದರೆ ಇದು ಗಂಟಲು ಬಿಚ್ಚಿ ಕ್ವಾಕ್ ಕ್ವಾಕ್. "ಅದು ಚಲೋ ಬೆಳದೈತ್ರಿ" ಅಂದರು ರೈತರು. ನನಗೂ ಹಾಗೇ ಅನ್ನಿಸಿತು. ಬುಟ್ಟಿಗೆ ಹಾಕಿಕೊಂಡೆ. ಮನೆಗೆ ಬರುವಷ್ಟರಲ್ಲಿ ಮಗಳು ಅದಕ್ಕೆ ಬಾಯಿಬಡುಕಿ ಅಂತ ಹೆಸರಿಟ್ಟಳು. ಹೆಸರಿಡಬೇಡ ಅಂತ ಹೇಳುವಷ್ಟರಲ್ಲಿ ಆಗಿಹೋಗಿತ್ತು.

ಡಿಸೆಂಬರ್ 9

ಹಿತ್ತಲು ಗದ್ದೆಯಾಗಿದೆ. ಅಗಲದ ಟಬ್ಬಿನಲ್ಲಿ ನೀರಿಟ್ಟಿದ್ದೆ, ನಾಲ್ಕೂ ಒಳಗಿಳಿದು ಅರ್ಧ ತಾಸಿನಲ್ಲಿ ನೀರನ್ನೆಲ್ಲ ಹೊರಗೆ ಹಾಕಿದವು. ಬಾತು ಒಂದು ಬಾಯಿ ಮೇವು ತಿಂದು ನೀರಿಗೆ ಓಡುತ್ತದೆ, ನೀರು ಕುಡಿದು ಮೇವಿಗೆ ಓಡುತ್ತದೆ, ನೀರಿಲ್ಲದೆ ಒಣ ಮೇವು ಅದಕ್ಕೆ ಗಂಟಲಲ್ಲಿ ಇಳಿಯಲ್ಲ, ಹಾಗಾಗಿ ಈ ಓಡಾಟ ಇಡೀ ದಿನ ನಡೆಯುತ್ತದೆ, ಕೊನೆಗೆ ಮೇವೆಲ್ಲ ನೀರಲ್ಲಿ, ನೀರೆಲ್ಲ ನೆಲದಲ್ಲಿ, ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ ಮೂಗು ಮುಚ್ಚಿಕೊಳ್ಳುತ್ತಾರೆ.

ರಿಪೇರಿ: ಕೇಟರಿಂಗ್ ಮಾಡುವ ಪರಿಚಯದವರಿಂದ ಉಪ್ಪಿನಕಾಯಿಯ ಖಾಲಿ ಬಕೆಟ್ ತಂದೆ, 15 ಲೀಟರಿನದು. ತಳದಿಂದ ಆರು ಇಂಚು ಮೇಲೆ, ಪಕ್ಕದಲ್ಲಿ ನಾಲ್ಕು ಇಂಚಿನ ಮೂರು ತೂತು ಕೊರೆದೆ. ತಲೆ ಹೋಗುತ್ತದೆ, ಮೈ ಹೋಗಲ್ಲ. ಕೊರೆದ ಅಂಚು ಚೂರಿಯ ಹಾಗಿತ್ತು. ತೋಟದ ನೀರಿನ ಹಳೆಯ ಸಣ್ಣ ಪೈಪನ್ನು ಉದ್ದಕ್ಕೆ ಸೀಳಿ ಅಂಚಿನ ಸುತ್ತ ಬಿಗಿಯಾಗಿ ಕೂರಿಸಿದೆ. ಮೇಲೆ ಮುಚ್ಚಳ ಹಾಕಿದೆ. ಬಕೆಟ್ ಕೆಳಗೆ ಎರಡು ಅಡಿ ಚೌಕ, ಒಂದು ಅಡಿ ಆಳದ ಗುಂಡಿ ತೋಡಿ ಜಲ್ಲಿ ತುಂಬಿ, ಅದರ ಮೇಲೆ ಕಬ್ಬಿಣದ ಜಾಲರಿ ಇಟ್ಟೆ. ಚೆಲ್ಲಿದ ನೀರು ಜಲ್ಲಿಯಲ್ಲಿ ಇಳಿದು ಬಾಳೆಗಿಡದ ಬುಡಕ್ಕೆ ಹೋಗುತ್ತದೆ. ಮೇವನ್ನು ಗೂಡಿನ ಆ ಕಡೆ ತುದಿಗೆ ಸರಿಸಿದೆ, ಮುಟ್ಟಿದರೆ ಉಂಡೆ ಕಟ್ಟುವಷ್ಟು ಮಾತ್ರ ನೀರು ಹಾಕಿ ಕಲಸಿಟ್ಟೆ. ಮರುದಿನ ಬೆಳಿಗ್ಗೆ ನೆಲ ಒಣಗಿತ್ತು. ಈ ಬಕೆಟ್ ನನ್ನ ಈ ವರ್ಷದ ಅತ್ಯುತ್ತಮ ಜಾಬ್. ಬಿಲ್ ಹಾಕಲು ಗಿರಾಕಿ ಇಲ್ಲ ಅಷ್ಟೇ.

ಡಿಸೆಂಬರ್ 12

ಒಂದು ಕುಂಟುತ್ತಿದೆ. ಮೊದಲು ನಯಾಸಿನ್ ಕೊರತೆ ಇರಬೇಕು ಅಂದುಕೊಂಡೆ. ಕೋಳಿಗಿಂತ ಬಾತಿಗೆ ಆ ವಿಟಮಿನ್ ಜಾಸ್ತಿ ಬೇಕು, ಬರೀ ಮೆಕ್ಕೆಜೋಳದ ಮೇಲೆ ಇಟ್ಟರೆ ಕಾಲು ಸೊಟ್ಟಗಾಗುತ್ತದೆ. ಬ್ರೂಯರ್ಸ್ ಯೀಸ್ಟ್ ಪುಡಿ ತಂದು ಮೇವಿಗೆ ಬೆರೆಸಿದೆ. ಆಮೇಲೆ ಬುದ್ಧಿ ಬಂದು ಬಾತನ್ನು ಎತ್ತಿ ಪಾದ ತಿರುಗಿಸಿ ನೋಡಿದೆ. ಬೆರಳುಗಳ ನಡುವಿನ ತೆಳು ಚರ್ಮದಲ್ಲಿ ಚೌಕ ಚೌಕ ಗುರುತು, ಒಂದು ಕಡೆ ಸಣ್ಣಗೆ ಹರಿದಿದೆ. ನನ್ನ ಮೆಶ್ ನೆಲ.

ಮೆಶ್ ಕಿತ್ತು ಬಿಸಾಕಿದೆ. ಮಣ್ಣು ಸಮ ಮಾಡಿ ಮೇಲೆ ನಾಲ್ಕು ಇಂಚು ಭತ್ತದ ಹುಲ್ಲು, ದಿನಾ ಸಂಜೆ ಮೇಲೊಂದು ಪದರ ಹೊಸದು. ಪಾದಕ್ಕೆ ಉಪ್ಪುನೀರಲ್ಲಿ ತೊಳೆದು ಅರಿಶಿನ. ಮೂರು ದಿನಕ್ಕೆ ಸರಿಯಾಯಿತು. ಯೀಸ್ಟ್ ಹಾಕುವುದನ್ನು ನಿಲ್ಲಿಸಲಿಲ್ಲ, ತಂದಾಗಿತ್ತಲ್ಲ.

ಡಿಸೆಂಬರ್ 13ರಿಂದ 20

ಹೇಳುವಂಥದ್ದೇನಿಲ್ಲ. ತಿಂದವು, ಬೆಳೆದವು. ಮೆಕ್ಕೆಜೋಳ, ಗೋಧಿ ನುಚ್ಚು, ಸೊಪ್ಪು. ಬಾಯಿಬಡುಕಿ ಬೆಳಿಗ್ಗೆ ಐದಕ್ಕೇ ಓಣಿಯನ್ನೆಲ್ಲ ಎಬ್ಬಿಸುತ್ತಿತ್ತು. 17ರ ಹೊತ್ತಿಗೆ ಗೂಡಿನ ಹುಲ್ಲಿನಲ್ಲಿ ಬಿಳಿ ಗರಿ ಉದುರಿ ಬಿದ್ದಿದ್ದು ಕಂಡೆ. ಜಗಳ ಆಡಿಕೊಂಡಿರಬೇಕು ಅಂತ ಗುಡಿಸಿ ಹಾಕಿದೆ.

ಡಿಸೆಂಬರ್ 22

ಹಿಂದಿನ ರಾತ್ರಿ ಮೇವು ತೆಗೆದಿದ್ದೆ, ನೀರು ಇಟ್ಟಿದ್ದೆ. ಕೊಯ್ಯುವ ವಿಷಯ ಹೆಚ್ಚು ಬರೆಯಲ್ಲ. ಕೈ ಪಳಗಿದವರನ್ನು ಕರೆಸಿದೆ, ಮಗಳನ್ನು ಅಜ್ಜಿಯ ಮನೆಗೆ ಕಳಿಸಿದೆ.

ಬಾತಿನ ಗರಿಯಲ್ಲಿ ಎಣ್ಣೆ ಇರುವುದರಿಂದ ಬಿಸಿನೀರು ಒಳಗೆ ಹೋಗುವುದಿಲ್ಲ. 65 ಡಿಗ್ರಿ ನೀರಿಗೆ ಪಾತ್ರೆ ತೊಳೆಯುವ ಸೋಪು ಎರಡು ಹನಿ, ಮೂರು ನಿಮಿಷ ಅಲ್ಲಾಡಿಸುತ್ತಾ ಮುಳುಗಿಸಬೇಕು. ನೀರು ಅದಕ್ಕಿಂತ ಜಾಸ್ತಿ ಬಿಸಿಯಾದರೆ ಚರ್ಮ ಬೆಂದು ಹರಿಯುತ್ತದೆ. ವರ್ಕ್‌ಶಾಪಿನ ಗನ್ ಥರ್ಮಾಮೀಟರ್ ತಂದಿದ್ದೆ, ಅದು ಆವಿಗೆ ಹಿಡಿದರೆ ಒಂದು ಹೇಳುತ್ತದೆ, ಪಾತ್ರೆಗೆ ಹಿಡಿದರೆ ಇನ್ನೊಂದು. ಕೊನೆಗೆ ಮುಳುಗಿಸಿ ನೋಡುವ ಕಡ್ಡಿ ಥರ್ಮಾಮೀಟರೇ ಗತಿಯಾಯಿತು.

ಮೂರು ಬಾತು ಹತ್ತು ಹತ್ತು ನಿಮಿಷದಲ್ಲಿ ಆದವು. ಕೈಯಲ್ಲಿ ಒರೆಸಿದರೆ ಗರಿ ಬರುತ್ತಿತ್ತು. ಉಳಿದ ನವಿರಿಗೆ ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಒಮ್ಮೆ ಅದ್ದಿ, ತಣ್ಣೀರಲ್ಲಿ ಮುಳುಗಿಸಿ, ಗಟ್ಟಿಯಾದ ಮೇಲೆ ಸಿಪ್ಪೆ ಸುಲಿದ ಹಾಗೆ ತೆಗೆದೆವು. ಮೇಣದ ಪಾತ್ರೆಯನ್ನು ನೇರ ಉರಿಗಿಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಬೆಂಕಿ ಹತ್ತಿದರೆ ಹಬ್ಬ ಅಲ್ಲೇ ಮುಗಿಯುತ್ತದೆ.

ನಾಲ್ಕನೇದು ಬಾಯಿಬಡುಕಿ. ದೊಡ್ಡ ಗರಿ ಬಂತು, ಕೆಳಗೆ ನೋಡಿದರೆ ಎದೆ ತುಂಬ, ಬೆನ್ನ ತುಂಬ ನೀಲಿ ಮೊಳೆ. ಮೂರು ದಿನದ ಗಡ್ಡದ ಹಾಗೆ. ಮೇಣ ಎರಡು ಸಲ ಹಾಕಿದೆ. ಚಿಮುಟ ಹಿಡಿದೆ. ಒಂದು ಮೊಳೆ ಒತ್ತಿದರೆ ಬುಡದಲ್ಲಿ ಕಪ್ಪು ರಸ ಬಂದು ಚರ್ಮಕ್ಕೆ ಶಾಯಿ ಹತ್ತಿದ ಹಾಗಾಗುತ್ತದೆ. ಒಂದೂವರೆ ತಾಸು ಕೂತು ಎಡಗಡೆ ಎದೆ ಮುಗಿಸಿದ ಮೇಲೆ ಅಲ್ಲೇ ನಿಲ್ಲಿಸಿ ರೈತರಿಗೆ ಫೋನ್ ಮಾಡಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು. ಅಕ್ಟೋಬರಿನಲ್ಲಿ ಇನ್ನೊಂದು ಬ್ಯಾಚ್ ಇತ್ತಂತೆ. ಅದನ್ನು ಮಾರಿದಾಗ ಸಣ್ಣಗಿದ್ದ ಒಂದೆರಡು ಉಳಿದಿದ್ದವು, ಈ ಹಿಂಡಿಗೇ ಬಿಟ್ಟಿದ್ದರು. ಅಂದರೆ ನಾನು ತಂದ ದಿನವೇ ಅದಕ್ಕೆ ಎಂಟು ವಾರ, ಈಗ ಹತ್ತು. ಕೆಟ್ಟ ಲೆಕ್ಕದ ನಟ್ಟನಡುವೆ.

ಅದು ಮೊದಲ ದಿನವೇ ಹೇಳಿತ್ತು ಕಣ್ರೀ, ಬಾಯಿ ಬಿಟ್ಟು ಹೇಳಿತ್ತು! ಪೆಕಿನ್ ಹೆಣ್ಣು ಕ್ವಾಕ್ ಅನ್ನಲು ಶುರು ಮಾಡುವುದೇ ಆರು ಏಳು ವಾರದ ಆಸುಪಾಸು. ಐದು ವಾರದ ಹಿಂಡಿನಲ್ಲಿ ಒಂದೇ ಒಂದು ಗಂಟಲು ಬಿಚ್ಚಿ ಕೂಗಿದರೆ ಅದು ಜಾಣ ಅಂತಲ್ಲ, ದೊಡ್ಡದು ಅಂತ. ಎತ್ತಿದಾಗ ಎದೆಯ ಗರಿಯನ್ನು ಹಿಂದಕ್ಕೆ ಸವರಿ, ಊದಿ, ಚರ್ಮ ನೋಡಬೇಕಿತ್ತು. ನಾನು ತೂಕ ನೋಡಿದೆ. ಹುಲ್ಲಲ್ಲಿ ಬಿದ್ದ ಗರಿಯನ್ನೂ ಗುಡಿಸಿ ಹಾಕಿದೆ.

ಬಾಲದ ಬುಡದಲ್ಲಿ ಮೇಲುಗಡೆ ಹಳದಿ ಎಣ್ಣೆಗ್ರಂಥಿ ಇರುತ್ತದೆ, ನಾಲ್ಕರಲ್ಲೂ ಅದನ್ನು ಪೂರ್ತಿ ಕತ್ತರಿಸಿ ತೆಗೆದೆವು. ಉಳಿದರೆ ವಾಸನೆ. ಎರಡು ಕಿಲೋ 400 ಗ್ರಾಂ ಇದ್ದದ್ದು ಸ್ವಚ್ಛ ಮಾಡಿದ ಮೇಲೆ ಒಂದು ಕಿಲೋ 700ಕ್ಕೆ ಬಂತು. ಮುಚ್ಚದೆ ಫ್ರಿಜ್ಜಿನಲ್ಲಿಟ್ಟೆ, ಎರಡು ದಿನ. ಮಾಂಸ ಸಡಿಲವಾಗುತ್ತದೆ, ಚರ್ಮ ಒಣಗಿ ಆಮೇಲೆ ಗರಿಗರಿ ಆಗುತ್ತದೆ. ಬಾಯಿಬಡುಕಿಯ ಚರ್ಮ ಸುಲಿದು ತುಂಡು ಮಾಡಿ ಅತ್ತೆಗೆ ಕೊಟ್ಟೆ, ವಿಂದಾಲೂಗೆ.

ಡಿಸೆಂಬರ್ 25

ಎರಡು ಬಾತು ಹುರಿದೆವು, ಮೂರನೇದು ಖಾನಾಪುರದ ದಾರಿ ತೋರಿಸಿದ ವೆಲ್ಡರ್ ಮನೆಗೆ ಹೋಯಿತು. ಚರ್ಮಕ್ಕೆ ಸೂಜಿಯಿಂದ ಓರೆಯಾಗಿ ಚುಚ್ಚಿದೆ. ಕೊಬ್ಬಿನ ಪದರಕ್ಕಷ್ಟೇ ಹೋಗಬೇಕು, ಮಾಂಸಕ್ಕೆ ತಾಗಿದರೆ ರಸ ಹೋಗುತ್ತದೆ. ಸ್ಟೀಲ್ ಸರಳಿನಲ್ಲಿ ಮಾಡಿದ ಸ್ಟ್ಯಾಂಡಿನ ಮೇಲೆ ಕೂರಿಸಿ 160 ಡಿಗ್ರಿಯಲ್ಲಿ ಎರಡು ತಾಸು, ಕೊನೆಗೆ 200ರಲ್ಲಿ ಇಪ್ಪತ್ತು ನಿಮಿಷ. ತೊಡೆಯ ಒಳಗೆ 74 ಡಿಗ್ರಿ ದಾಟಿರಬೇಕು, ದಾಟಿತ್ತು. ಕೆಳಗಿನ ತಟ್ಟೆಯಲ್ಲಿ ಇಳಿದ ಕೊಬ್ಬಿನಲ್ಲಿ ನಮ್ಮ ಬೆಳಗಾವಿ ಗೆಣಸನ್ನು ಹೋಳು ಮಾಡಿ ಹುರಿದೆವು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಆಲೂಗಡ್ಡೆ ಮುಗಿದಿತ್ತು ಅಂತ ಹಾಕಿದ್ದು. ಮುಂದಿನ ಸಲ ಆಲೂಗಡ್ಡೆ ಇದ್ದರೂ ಗೆಣಸೇ.

ಅತ್ತೆ ಒಂದು ತುಂಡು ಬಾಯಿಗೆ ಹಾಕಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ಇನ್ನೊಂದು ಹಾಕಿಕೊಂಡರು. ಭಾವಮೈದುನ ಬಾಯಿ ತೆರೆದ, ಅವರಕ್ಕ ಅದಕ್ಕೆ ಗೆಣಸು ತುರುಕಿದಳು.

ಆದರೆ ಮೊದಲು ಖಾಲಿಯಾಗಿದ್ದು ವಿಂದಾಲೂ. ಹತ್ತು ವಾರದ್ದು ಅಲ್ವಾ, ಮಾಂಸಕ್ಕೆ ರುಚಿ ಜಾಸ್ತಿ ಬಂದಿತ್ತು. ಬ್ಯಾಡಗಿ ಮೆಣಸಿನಕಾಯಿ, ವಿನೆಗರ್, ಬೆಳ್ಳುಳ್ಳಿಯಲ್ಲಿ ಎರಡು ದಿನ ನೆನೆದು ಬೆಂದ ಮೇಲೆ ಮೊಳೆಯ ಸಂಕಟ ಯಾರಿಗೂ ನೆನಪಿರಲಿಲ್ಲ, ನನ್ನ ಬೆರಳಿನ ತುದಿಗಳನ್ನು ಬಿಟ್ಟು. ಇದು ಯಾವ ಬಾತು ಅಂತ ಮಗಳು ಕೇಳಿದಳು. ಪೇಟೆಯದು ಅಂದೆ.

ಡಿಸೆಂಬರ್ 28

ರೈತರ ಫೋನ್ ಬಂತು. ಬಕೆಟ್ಟಿನ ಫೋಟೋ ಕಳಿಸಿದ್ದೆ, ಅಂಥವು ಆರು ಬೇಕಂತೆ. ಇವತ್ತು ಮಾಡಿ ಕಳಿಸಿದೆ. ಒಂದು ಬಕೆಟ್ಟಿನೊಳಗೆ ಕೆಂಪು, ಹಳದಿ, ನೀಲಿ ಕೇಬಲ್ ಟೈ ಒಂದೊಂದು ಕಟ್ಟು ಹಾಕಿದ್ದೇನೆ. ಬ್ಯಾಚಿಗೊಂದು ಬಣ್ಣ, ಕಾಲಿಗೆ ಸಡಿಲವಾಗಿ ಕಟ್ಟಿ, ಬೆಳೆದ ಹಾಗೆ ಬದಲಾಯಿಸುತ್ತಾ ಇರಿ ಅಂತ ಚೀಟಿ ಬರೆದಿಟ್ಟೆ.